ಉಡಿಯೊಳಗಿನ ಅರಿಷಿಣ

"ಓದಲಿಲ್ಲಂದ್ರ ಹೊಲಕ್ಕ ಹೋಗಬೇಕಾಗ್ತದ ನೋಡು!"

ಶಿಕ್ಷಕಿಯಾದ ಈ ಇಪ್ಪತ್ತೆಂಟು ವರ್ಷಗಳಲ್ಲಿ ಈ ಮಾತನ್ನು ನಾನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಮಗ್ಗಿ ತಪ್ಪಿದ ಹುಡುಗನಿಗೆ, ಕಾಪಿ ಬರೆಯದ ಹುಡುಗಿಗೆ ಇದೊಂದೇ ಮದ್ದು. ಮುಂದಿನ ತಾಸಿನಲ್ಲಿ ಹಲಗೆಯ ಮೇಲೆ 'ರೈತ ದೇಶದ ಬೆನ್ನೆಲುಬು' ಎಂದು ದುಂಡಗೆ ಬರೆದು ಅದೇ ಮಕ್ಕಳಿಂದ ಓದಿಸಿದ್ದೇನೆ. ಎರಡೂ ಒಂದೇ ಬಾಯಿಂದ ಬಂದವು ಎಂದು ನನಗೆ ಹೊಳೆದಿರಲೇ ಇಲ್ಲ.

ಆ ಮಾತಿನ ಮೂಲ ನನ್ನ ಅಪ್ಪ. ನಮ್ಮ ತವರು ಹುಕ್ಕೇರಿ ಕಡೆ. ಘಟಪ್ರಭೆಗೆ ಹಿಡಕಲ್ ಅಣೆಕಟ್ಟು ಕಟ್ಟಿದಾಗ ಅಜ್ಜನ ಹೊಲ ನೀರೊಳಗೆ ಹೋಯಿತು. 1977ರಲ್ಲಿ ಅಣೆಕಟ್ಟಿನ ಕೆಲಸ ಮುಗಿದಾಗ ನಾನಿನ್ನೂ ಅಕ್ಷರ ತಿದ್ದುವ ಹುಡುಗಿ. "ಇನ್ನ ಹೊಲ ಇಲ್ಲವ್ವಾ, ಓದೂದೊಂದ ಉಳದೈತಿ" ಎಂದಿದ್ದ ಅಪ್ಪ. ಅದರಲ್ಲಿ ಬೆದರಿಕೆ ಇರಲಿಲ್ಲ, ದುಃಖವಿತ್ತು. ಬೇಸಿಗೆಯಲ್ಲಿ ನೀರು ಇಳಿದು ಹುನ್ನೂರಿನ ವಿಠ್ಠಲ ಗುಡಿ ಹೊರಗೆ ಕಂಡಾಗ, ಅತ್ತ ಕೈ ತೋರಿಸಿ ಸುಮ್ಮನೆ ನಿಲ್ಲುತ್ತಿದ್ದ.

ಇರಲಿ. ಹೋದ ವರ್ಷ ಫೆಬ್ರುವರಿಯಲ್ಲಿ ಗೋಕಾಕದ ನಮ್ಮ ಏಳನೆಯ ವರ್ಗದ ಮಕ್ಕಳನ್ನು ಮೂಡಲಗಿ ಕಡೆಯ ಹೊಲವೊಂದಕ್ಕೆ ಕರೆದೊಯ್ದೆ. ಮೂಡಲಗಿ ಮೊದಲು ನಮ್ಮ ತಾಲೂಕಿನಲ್ಲೇ ಇತ್ತು, ಈಗ ಅದೇ ಒಂದು ತಾಲೂಕು. ಅಜ್ಜಿಯ ಮನೆಯಲ್ಲಿದ್ದು ನಮ್ಮ ಶಾಲೆಗೆ ಬರುವ ಹುಡುಗಿಯೊಬ್ಬಳ ತಂದೆಯ ಹೊಲ ಅದು. ಬದುವಿನಾಚೆ ಕಾಲುವೆ. ಹಿಡಕಲ್ಲಿನ ನೀರು ಧೂಪದಾಳದಲ್ಲಿ ಕಾಲುವೆಗೆ ತಿರುಗಿ ಈ ಕಡೆ ಬರುತ್ತದೆ. ಅಜ್ಜನ ಹೊಲ ನುಂಗಿದ ನೀರು ಇಲ್ಲಿ ಇನ್ನೊಬ್ಬರ ಹೊಲ ಬೆಳೆಸಿದೆಯಲ್ಲ ಅನ್ನಿಸಿತು. ಅದನ್ನು ಹೊಟ್ಟೆಕಿಚ್ಚು ಅಂದರೂ ಸರಿ, ಸಮಾಧಾನ ಅಂದರೂ ಸರಿ.

ಹೊಲದಲ್ಲಿ ಅರಿಷಿಣ ಅಗೆಯುತ್ತಿದ್ದರು. ಜೂನಿನಲ್ಲಿ ಊರಿದ್ದಂತೆ. ಮಳೆಗಾಲವಿಡೀ ಕಳೆ ತೆಗೆದು, ಎಲೆ ಒಣಗಿದ ಮೇಲೆ ಅಗೆದು, ಮಣ್ಣು ಉದುರಿಸಿ, ಗಡ್ಡೆಯಿಂದ ಬೆರಳುಗಳನ್ನು ಮುರಿದು, ಕುದಿಸಿ, ಹತ್ತು ಹದಿನೈದು ದಿನ ಬಿಸಿಲಿಗೆ ಹರವಿ, ಡ್ರಮ್ಮಿನಲ್ಲಿ ತಿರುಗಿಸಿ ಹೊಳಪು ಕೊಡಬೇಕು. ದಿನಾ ಅರಿಷಿಣ ಕುಂಕುಮದ ಬಟ್ಟಲು ಮುಟ್ಟುವ ನನಗೆ ಅದರ ಹಿಂದೆ ಹೀಗೆ ಒಂಬತ್ತು ತಿಂಗಳು ಇವೆಯೆಂದು ತಿಳಿದಿರಲಿಲ್ಲ. ನಿಮಗೆ ತಿಳಿದಿತ್ತೇ? 2019ರ ಆಗಸ್ಟಿನಲ್ಲಿ ಹೊಳೆ ನಮ್ಮ ಗೋಕಾಕ ಊರೊಳಗೇ ನುಗ್ಗಿತ್ತಲ್ಲ, ಆಗ ಇವರ ಗಡ್ಡೆ ನೆಲದಲ್ಲೇ ಕೊಳೆತಿತ್ತಂತೆ. ಆ ವರ್ಷದ ಸಾಲ ಇನ್ನೂ ತೀರಿಲ್ಲ.

"ಐದು ಕಿಲೋ ಹಸೀದು ಒಣಗಿದ್ರ ಒಂದ ಕಿಲೋ ಆಗ್ತದರಿ" ಎಂದಳು ಆ ಹುಡುಗಿ. ಇಷ್ಟು ಚೀಲಕ್ಕೆ ಎಷ್ಟು ಎಂದು ಕೇಳಿದರೆ ಬಾಯಲ್ಲೇ ಲೆಕ್ಕ. ವರ್ಗದಲ್ಲಿ ಭಾಗಾಕಾರ ಎಂದರೆ ಕಣ್ಣೀರು ಹಾಕುವವಳು! ಖುಷಿಯಿಂದ ಬೆನ್ನು ತಟ್ಟಿದೆ. ಗಡ್ಡೆ ಮುರಿಯುತ್ತಿದ್ದ ಅವಳ ತಾಯಿ ತಲೆಯೆತ್ತಿದಳು. ಕೈಯೆಲ್ಲ ಹಳದಿ, ಉಗುರಿನ ಸಂದಿಯಲ್ಲಿ ಮಣ್ಣು.

"ಬೆನ್ನ ತಟ್ಟಬ್ಯಾಡ್ರಿ ಅಕ್ಕೋರ, ಬೈರಿ. ಓದಲಿಲ್ಲಂದ್ರ ನನ್ನಂಗ ಹೊಲಕ್ಕ ಬರ್ತಾಳ."

ನನ್ನದೇ ಮಾತು! ಆದರೆ ಆಕೆ ಅದನ್ನು ತನ್ನ ಸೊಂಟದ ನೋವಿನಿಂದ ಆಡಿದ್ದಳು, ನಾನು ಕುರ್ಚಿಯ ಮೇಲೆ ಕೂತು. ದುಡಿಮೆ ಕೀಳು ಎಂದು ಆಕೆ ಹೇಳಲಿಲ್ಲ, ದುಡಿದದ್ದು ಕೈಗೆ ಹತ್ತುವುದಿಲ್ಲ ಎಂದಳು. ನಾನು ಮಾತ್ರ ಇಷ್ಟು ವರ್ಷ ಮಕ್ಕಳಿಗೆ ಅವರ ಅಪ್ಪ ಅವ್ವನ ಕೆಲಸವನ್ನೇ ಶಿಕ್ಷೆ ಎಂದು ತೋರಿಸುತ್ತ ಬಂದಿದ್ದೇನೆ. ಹಾಗೆಂದು "ಹೊಲ ಬಿಡಬ್ಯಾಡ್ರಿ, ಒಕ್ಕಲುತನ ದೊಡ್ಡದು" ಎಂದು ಆಕೆಗೆ ಉಪದೇಶಿಸಲು ನನಗೆಲ್ಲಿಯ ಹಕ್ಕು? ನನ್ನ ಮಗ ಪುಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ತರುತ್ತಾನೆ. ಸಂತೆಯಲ್ಲಿ ಮೆಂತೆಪಲ್ಯದ ಸೂಡಿಗೆ ಎರಡು ರೂಪಾಯಿ ಇಳಿಸಲು ಹತ್ತು ನಿಮಿಷ ನಿಲ್ಲುವವಳೂ ನಾನೇ. ಏನೂ ಹೇಳದೆ ನಿಂತೆ.

ಹೊರಡುವಾಗ ಆಕೆ ನನ್ನ ಸೆರಗಿನ ತುಂಬ ಹಸಿ ಅರಿಷಿಣ ಹಾಕಿದಳು. ಪರ್ಸು ತೆಗೆದೆ. "ಉಡಿ ತುಂಬಿದ್ದಕ್ಕ ರೊಕ್ಕ ತಗೋತಾರೇನ್ರಿ?" ಎಂದು ಕೈ ಹಿಂದಕ್ಕೆ ಸರಿಸಿದಳು.

ಮರುವಾರ ಆ ಹುಡುಗಿ ಮತ್ತೆ ಭಾಗಾಕಾರ ತಪ್ಪಿದಳು. ಮಾತು ತುಟಿಯವರೆಗೂ ಬಂತು. ನುಂಗಿಕೊಂಡು ಹಲಗೆಯ ಮೇಲೆ ಅರಿಷಿಣದ ಚೀಲಗಳ ಲೆಕ್ಕವನ್ನೇ ಬರೆದೆ. ಅದನ್ನೂ ತಪ್ಪಿದಳು. ಇಬ್ಬರಿಗೂ ನಗು ಬಂತು. ಅಳಿಸಿ ಮತ್ತೊಮ್ಮೆ ಬರೆದೆ.