ಕಾಲೇಜನ್ನು ಅಳೆಯುವವರು ಯಾರು?

ದೊಡ್ಡ ಕಾಲೇಜಿನಲ್ಲಿ ಸೀಟು ಸಿಕ್ಕಿತು ಅಂದರೆ ನಮ್ಮ ಕೇರಿಗಳಲ್ಲಿ ಹಬ್ಬ. ಹಬ್ಬ ಮಾಡಲಿ. ಆದರೆ ಆ ದೊಡ್ಡತನ ಯಾರ ಲೆಕ್ಕದ್ದು? ಕಟ್ಟಡ, ಇಂಗ್ಲಿಷು, ಅಲ್ಲಿ ಓದಿದವರು ಹತ್ತಿದ ಕುರ್ಚಿಗಳು, ಇವೆಲ್ಲ ತಲೆಮಾರುಗಳಿಂದ ಅಲ್ಲಿ ಕೂತವರ ಲೆಕ್ಕ. ಮೊದಲ ಸಲ ಕಾಲಿಡುವವರ ಲೆಕ್ಕ ಬೇರೆ. ಊಟಕ್ಕೆ ಕೂತರೆ ಪಕ್ಕದವನು ಎದ್ದು ಹೋಗ್ತಾನಾ? ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಮೇಷ್ಟ್ರು ಉತ್ತರ ಕೊಡ್ತಾರಾ, ನಗ್ತಾರಾ? ಸ್ಕಾಲರ್‌ಶಿಪ್ ತಡವಾದರೆ ಪರೀಕ್ಷೆಗೆ ಕೂರಿಸ್ತಾರಾ?

ದಿಲ್ಲಿಯ ಏಮ್ಸ್‌ಗಿಂತ ಹೆಸರುವಾಸಿ ವೈದ್ಯಕೀಯ ಸಂಸ್ಥೆ ನಮ್ಮ ದೇಶದಲ್ಲಿಲ್ಲ. ಅಲ್ಲಿನ ಜಾತಿಭೇದವನ್ನು ಪರಿಶೀಲಿಸಿದ ಸುಖದೇವ್ ಥೋರಟ್ ಸಮಿತಿಯ 2007ರ ವರದಿ ಹೇಳುವುದೇನು? ಕಿರುಕುಳ ತಾಳಲಾರದೆ ದಲಿತ, ಆದಿವಾಸಿ ಹುಡುಗರು ಹಾಸ್ಟೆಲಿನಲ್ಲಿ ಬೇರೆಯಾಗಿ ಒಂದು ಕಡೆ ಸೇರಿಕೊಂಡಿದ್ದರು. ಅಲ್ಲೂ ಒಂದು ಊರು, ಒಂದು ಕೇರಿ! 2016ರ ಜನವರಿಯಲ್ಲಿ, ಹಾಸ್ಟೆಲಿನಿಂದ ಹೊರಹಾಕಿಸಿಕೊಂಡಿದ್ದ ರೋಹಿತ್ ವೇಮುಲ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಣ ಬಿಟ್ಟರು. ಓದಿನಲ್ಲಿ ಹಿಂದೆ ಬಿದ್ದವರಲ್ಲ ಅವರು.

ಹಾಗಂತ ‘ನಿನಗೆ ಒಗ್ಗುವ ಕಡೆ ಸೇರಪ್ಪ’ ಅನ್ನುವ ಮಾತನ್ನು ಸುಮ್ಮನೆ ನುಂಗಬೇಡಿ. ಒಗ್ಗುವುದು, ಒಗ್ಗದಿರುವುದು ವರ್ಣಾಶ್ರಮದಷ್ಟೇ ಹಳೆಯ ಮಾತು. ‘ನಿನಗ್ಯಾಕೆ ಸೈನ್ಸು, ಐಟಿಐ ಸಾಕು’ ಅನ್ನುವವರ ಬಾಯಲ್ಲಿರುವುದೂ ಅದೇ. ಅವರು ಅಳೆಯುವುದು ಹುಡುಗನನ್ನು. ನಾನು ಹೇಳುತ್ತಿರುವುದು ಹುಡುಗನೇ ಕಾಲೇಜನ್ನು ಅಳೆಯುವ ಮಾತು.

ಎಲ್ಫಿನ್‌ಸ್ಟನ್, ಕೊಲಂಬಿಯಾ, ಲಂಡನ್ ಎಲ್ಲ ಕಂಡ ಬಾಬಾಸಾಹೇಬರು 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಕಟ್ಟಿದರು. ಹಗಲು ದುಡಿಯುವವರೂ ಓದಲಿ ಅಂತ ಬೆಳಿಗ್ಗೆಯೇ ತರಗತಿ. 1950ರಲ್ಲಿ ಔರಂಗಾಬಾದಿನಲ್ಲಿ, ನಿಜಾಮನ ಆಳ್ವಿಕೆಯಿಂದ ಆಗಷ್ಟೇ ಹೊರಬಂದಿದ್ದ ಮರಾಠವಾಡದಲ್ಲಿ, ಇನ್ನೊಂದು ಕಾಲೇಜು. ಮುಂದೆ ಅದೇ ಮಿಲಿಂದ ಮಹಾವಿದ್ಯಾಲಯ. ರ‍್ಯಾಂಕಿನ ಪಟ್ಟಿ ನೋಡಿ ಯಾರೂ ಅಲ್ಲಿಗೆ ಹೋಗಲಿಲ್ಲ. ಮರಾಠಿ ದಲಿತ ಸಾಹಿತ್ಯಕ್ಕೆ ಅದು ಒಂದು ಮುಖ್ಯ ನೆಲೆಯಾಯಿತು.

‘ನಾವೇ ಹಿಂದೆ ಸರಿದರೆ ದೊಡ್ಡ ಕಾಲೇಜುಗಳ ಬಾಗಿಲು ಒಡೆಯೋರು ಯಾರು?’ ಅಂತ ಗೆಳೆಯರು ಕೇಳುತ್ತಾರೆ. ಕೇಳಬೇಕಾದ್ದೇ. ಆದರೆ ಹದಿನೆಂಟು ವರ್ಷದ ಹುಡುಗಿಯನ್ನು ಒಂಟಿಯಾಗಿ ಒಳಗೆ ಕಳಿಸಿ, ಆಮೇಲೆ ‘ಹೆಂಗಿದ್ದೀಯಮ್ಮ’ ಅಂತಲೂ ವಿಚಾರಿಸದ ಸಂಘಟನೆಗೆ ಈ ಪ್ರಶ್ನೆ ಕೇಳುವ ಹಕ್ಕು ಎಲ್ಲಿಂದ ಬಂತು? ಬಾಗಿಲು ಒಡೆಯುವುದು ಚಳವಳಿಯ ಕೆಲಸ. ಅದನ್ನು ಒಂದು ಮಗುವಿನ ತಲೆಗೆ ಕಟ್ಟಿ ನಾವು ಭಾಷಣ ಮಾಡುತ್ತಾ ಕೂತರೆ ಅದೂ ಒಂದು ಬಗೆಯ ಬಲಿಯೇ. ಹೋಗ್ತೀನಿ ಅಂದರೆ ಹೋಗಲಿ, ಬೆನ್ನಿಗೆ ನಾವಿರೋಣ. ಬೇಡ, ಜಿಲ್ಲೆಯ ಸರ್ಕಾರಿ ಕಾಲೇಜೇ ಸಾಕು ಅಂದರೆ ಅವಳನ್ನು ಹೇಡಿ ಅನ್ನಬೇಡಿ.

ಹಳ್ಳಿ ಮೇಷ್ಟ್ರುಗಳೇ, ಅರ್ಜಿ ತುಂಬಿಸುವ ಮುಂಚೆ ಆ ಕಾಲೇಜಿನಲ್ಲಿ ಈಗ ಓದುತ್ತಿರುವ ನಮ್ಮ ಮಕ್ಕಳು ಯಾರಿದ್ದಾರೆ ಹುಡುಕಿ, ಮಾತಾಡಿಸಿ. ಒಬ್ಬರೂ ಸಿಗದಿದ್ದರೆ ಅದನ್ನೂ ಹುಡುಗಿಗೆ ಹೇಳಿ.