ಒಬ್ಬರಿಗೊಬ್ಬರು ಕಾಯುವ ಸಭೆ

2021ರ ಸೆಪ್ಟೆಂಬರ್‌ನಲ್ಲಿ ಹೊಸದುರ್ಗದ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್ ವಿಧಾನಸಭೆಯಲ್ಲಿ ಮತಾಂತರದ ಪ್ರಶ್ನೆ ಎತ್ತಿದರು. ಮರುತಿಂಗಳೇ ವಿಧಾನಮಂಡಲದ ಸಮಿತಿಯೊಂದು ಅಧಿಕೃತ, ಅನಧಿಕೃತ ಚರ್ಚುಗಳ ಸಮೀಕ್ಷೆಗೆ ಸೂಚಿಸಿತು. ಆ ಗದ್ದಲದಲ್ಲಿ ನನ್ನ ಕಿವಿಗೆ ಹೆಚ್ಚು ಬಿದ್ದದ್ದು ಕಟ್ಟಡದ ಮಾತು: ಪರವಾನಗಿ ಇದೆಯೋ ಇಲ್ಲವೋ, ಮನೆಯೊಳಗೆ ಪ್ರಾರ್ಥನೆ ಮಾಡಬಹುದೋ ಬಾರದೋ. ಆದರೆ ಚರ್ಚ್ ಅಂದರೆ ಏನು ಎಂದು ಅದರ ಮೊದಲ ತಲೆಮಾರಿನವರು ಬರೆದ ಪತ್ರಗಳನ್ನೇ ಕೇಳಬೇಕು.

ಬೈಬಲಿನಲ್ಲಿರುವ ಆ ಪತ್ರಗಳು ಕನ್ನಡಕ್ಕೆ ಬಂದದ್ದು ನಮ್ಮ ಚಿತ್ರದುರ್ಗದ ನೆರೆಯ ಬಳ್ಳಾರಿಯಿಂದ. ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಓದಿದರೆ ತಿಳಿಯುತ್ತದೆ, ಅಲ್ಲಿ ಚರ್ಚಿನ ಕಟ್ಟಡವೇ ಇಲ್ಲ. ಡೇರೆ ಹೊಲಿದು ಬದುಕುತ್ತಿದ್ದ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿ ಸಭೆ ಕೂಡುತ್ತಿತ್ತು. ಫಿಲೆಮೋನನ ಮನೆಯಲ್ಲೂ ಕೂಡುತ್ತಿತ್ತು. ಸಿರಿಯಾದ ದುರಾ ಯುರೋಪಸ್‌ನಲ್ಲಿ ಸಿಕ್ಕ, ಆರಾಧನೆಗೆಂದು ಮಾರ್ಪಡಿಸಿದ ಹಳೆಯ ಮನೆ ಕೂಡ ಕ್ರಿ.ಶ. 240ರ ಆಸುಪಾಸಿನದು, ಅಂದರೆ ಆ ಪತ್ರಗಳಿಗಿಂತ ಬಹಳ ತಡವಾದದ್ದು.

ಹಾಗಾದರೆ ಸಭೆ ಎಲ್ಲಿ ಕಾಣುತ್ತದೆ? ನನಗೆ ಅದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಕೊರಿಂಥದ ಊಟದಲ್ಲಿ. ಕ್ರಿ.ಶ. 54ರ ಸುಮಾರಿಗೆ ಅಪೊಸ್ತಲ ಪೌಲ ಆ ಊರಿನವರಿಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯ ಒಂದು ಪಂಕ್ತಿಭೇದದ ಕಥೆ. ಉಳ್ಳವರು ಮೊದಲೇ ಉಂಡು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಹಿರಿಯೂರಿನ ಈರುಳ್ಳಿ ಹೊಲದಲ್ಲಿ ಹೊತ್ತು ಮುಳುಗುವತನಕ ದುಡಿದ ಆಳು ಬರುವಷ್ಟರಲ್ಲಿ ಪಂಕ್ತಿ ಎದ್ದುಹೋಗಿದ್ದರೆ ಅವನಿಗೆ ಏನನ್ನಿಸೀತು! ಪೌಲ ಇದನ್ನು ಬರೀ ಶಿಷ್ಟಾಚಾರದ ತಪ್ಪೆಂದು ಬಿಡಲಿಲ್ಲ. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದ, ದೇವರ ಸಭೆಯನ್ನೇ ತಿರಸ್ಕರಿಸುತ್ತೀರಾ ಎಂದು ಕೇಳಿದ. ಕೊನೆಗೆ ಕೊಟ್ಟ ಅಪ್ಪಣೆ ಎಷ್ಟು ಸರಳ: ಊಟಕ್ಕೆ ಕೂಡುವಾಗ ಒಬ್ಬರಿಗೊಬ್ಬರು ಕಾಯಿರಿ.

ಫಿಲೆಮೋನನಿಗೆ ಬರೆದದ್ದೂ ಇದೇ ಬಗೆಯದು. ದಾಸ ಒನೇಸಿಮನನ್ನು ಪ್ರಿಯ ಸಹೋದರನಾಗಿ ಬರಮಾಡಿಕೊ ಎಂಬ ಆ ಕಾಗದವನ್ನು ಪೌಲ ಯಜಮಾನನ ಜೊತೆಗೆ ಅವನ ಮನೆಯಲ್ಲಿ ಕೂಡುವ ಇಡೀ ಸಭೆಯ ಹೆಸರಿಗೂ ಬರೆದ. ಯಜಮಾನನಿಗೆ ತಪ್ಪಿಸಿಕೊಳ್ಳಲು ದಾರಿಯೇ ಉಳಿಯಲಿಲ್ಲ.

ಮನೆಯಲ್ಲಿ ಹತ್ತು ಜನ ಕೂಡಿ ಪ್ರಾರ್ಥಿಸಿದರೆ ಸಂಶಯಪಡುವವರಿಗೆ ನಾನು ಹೇಳುವುದಿಷ್ಟೇ: ಚರ್ಚಿನ ಮೂಲರೂಪವೇ ಅದು. ಆದರೆ ಈ ಪತ್ರಗಳು ನಮ್ಮನ್ನು, ಅಂದರೆ ಕ್ರೈಸ್ತರನ್ನು, ಇನ್ನೂ ಕಟುವಾಗಿ ಪ್ರಶ್ನಿಸುತ್ತವೆ. ತಿರುಚಿರಾಪಳ್ಳಿಯ ಕ್ರೈಸ್ತ ಸ್ಮಶಾನವೊಂದರಲ್ಲಿ ದಲಿತರ ಮತ್ತು ಇತರರ ಸಮಾಧಿಗಳ ನಡುವೆ ಜಾತಿಯ ಗೋಡೆ ಎದ್ದದ್ದುಂಟು. ಅಷ್ಟು ದೂರವೇಕೆ, ಮಗಳಿಗೆ ಗಂಡು ನೋಡುವಾಗ ನಮ್ಮಲ್ಲಿ ಎಷ್ಟು ಮನೆಗಳು ಜಾತಿ ಕೇಳದೆ ಮಾತು ಮುಂದುವರಿಸುತ್ತವೆ? ಸರ್ಕಾರದ ಸಮೀಕ್ಷೆಗಿಂತ ಈ ಪ್ರಶ್ನೆಗೆ ನಾನು ಹೆಚ್ಚು ಅಂಜುತ್ತೇನೆ.

ಕರ್ತನ ಭೋಜನದ ಹೊತ್ತಿನಲ್ಲಿ ನಮ್ಮ ಸಭೆಗಳಲ್ಲಿ ಸಾಮಾನ್ಯವಾಗಿ ಕೊರಿಂಥದವರಿಗೆ ಬರೆದ ಆ 11ನೆಯ ಅಧ್ಯಾಯವನ್ನು 23ನೆಯ ವಚನದಿಂದ ಓದುತ್ತಾರೆ. ಹಸಿದವರ ಮಾತು ಇರುವುದು ಅದಕ್ಕಿಂತ ಮೊದಲು, ಕಾಯಿರಿ ಎಂಬ ಅಪ್ಪಣೆ ಇರುವುದು 33ನೆಯದರಲ್ಲಿ. ಚಿತ್ರದುರ್ಗದಲ್ಲಾಗಲಿ ಹೊಳಲ್ಕೆರೆಯಲ್ಲಾಗಲಿ, ಸಭಾಪಾಲಕರು ಮುಂದಿನ ಸಲ 17ರಿಂದ 34ರವರೆಗೆ ಒಂದೂ ಬಿಡದೆ ಓದಲಿ.