ಕುಡಿಯಲು ನೀರು ಕೊಡುವ ಮುನ್ನ



ಯಕೋಬನ ಬಾವಿಯ ಬಳಿ ನಡೆದ ಪ್ರಸಂಗ ನಮಗೆಲ್ಲ ಪರಿಚಿತ. ನಡು ಮಧ್ಯಾಹ್ನ. ನಡೆದು ದಣಿದ ಯೇಸುಸ್ವಾಮಿ ಬಾವಿಯ ಬದಿಯಲ್ಲಿ ಕುಳಿತಿದ್ದಾರೆ. ನೀರು ಸೇದಲು ಅವರ ಬಳಿ ಪಾತ್ರೆಯೂ ಇಲ್ಲ. ಜೀವಜಲ ಕೊಡಲು ಬಂದವರು ಮೊದಲು ಮಾಡಿದ್ದು ಆ ಸಮಾರಿಯದ ಮಹಿಳೆಯ ಹತ್ತಿರ ನೀರು ಕೇಳಿದ್ದು. ನಾವು ಸಾಮಾನ್ಯವಾಗಿ ಈ ಮಾತನ್ನು ದಾಟಿ ಬೇಗ ಜೀವಜಲದ ಬೋಧನೆಗೆ ಹೋಗಿಬಿಡುತ್ತೇವೆ. ಈ ತಪಸ್ಸುಕಾಲದಲ್ಲಿ ಆ ಕೇಳಿದ್ದರ ಬಳಿಯೇ ಸ್ವಲ್ಪ ನಿಲ್ಲೋಣ. ಅದಕ್ಕೆ ನನ್ನದೇ ಒಂದು ತಪ್ಪು ಕಾರಣ.

ಕೆಲವು ವರ್ಷಗಳ ಹಿಂದೆ ನಾವು ಕೆಲವರು ತಪಸ್ಸುಕಾಲದ ಉಳಿತಾಯದ ಹಣ ಸೇರಿಸಿ, ಒಂದು ಹಳ್ಳಿಯ ಮನೆಗಳಿಗೆ ಮರಳಿನ ಫಿಲ್ಟರ್ ಕೊಟ್ಟೆವು. ಪ್ರಾರ್ಥನೆ ಮಾಡಿ, ಫೋಟೋ ತೆಗೆಸಿಕೊಂಡು, ಸಂತೋಷದಿಂದ ಬಂದೆವು. ಮರುವರ್ಷ ಹೋದಾಗ ಒಂದು ಮನೆಯಲ್ಲಿ ಫಿಲ್ಟರಿನ ಮೇಲೆ ರಾಗಿ ಚೀಲ ಇತ್ತು. ಕೇಳಿದ್ದಕ್ಕೆ ಆ ತಾಯಿ ಹೇಳಿದರು: "ನೀರು ಮೊದ್ಲೂ ತಿಳಿಯಾಗೇ ಇತ್ತಣ್ಣಾ. ನಮ್ಮ ಕಷ್ಟ ಮಕ್ಕಳ ಹಲ್ಲಿಂದು, ಮುದುಕರ ಮಂಡಿದು. ನೀವು ಕೇಳ್ಳೇ ಇಲ್ವಲ್ಲ."

ಕೇಳಿರಲಿಲ್ಲ, ನಿಜ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಬಂಡೆಯಿಂದ ಕರಗಿ ಬರುವ ಅಂಶ, ಬಣ್ಣವಿಲ್ಲ, ವಾಸನೆಯಿಲ್ಲ. ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಕೀಲು, ಬೆನ್ನು ಬಿಗಿಯುತ್ತದೆ. ಮರಳಿನ ಫಿಲ್ಟರ್ ಅದನ್ನು ತೆಗೆಯುವುದಿಲ್ಲ. ಕುದಿಸಿದರಂತೂ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ನಾವು ಕೊಟ್ಟದ್ದು ಒಳ್ಳೆಯ ಔಷಧಿಯೇ. ಆದರೆ ಬೇರೆ ಕಾಯಿಲೆಯದು.

ಹಾಗಾದರೆ ಪ್ರಶ್ನೆ ಇದು: ಒಳ್ಳೆಯ ಮನಸ್ಸಿನಿಂದ ಕೊಟ್ಟರೆ ಸಾಲದೇ? ಉದ್ದೇಶ ಶುದ್ಧವಾಗಿದ್ದ ಮೇಲೆ ನಮ್ಮ ಮೇಲೆ ತಪ್ಪೇನು?

ಬಾಂಗ್ಲಾದೇಶದ ಉದಾಹರಣೆ ಇಲ್ಲಿ ನೆನಪಿಗೆ ಬರುತ್ತದೆ. ಕೆರೆ ಕುಂಟೆಗಳ ನೀರು ಕುಡಿದು ವಾಂತಿಭೇದಿಯಿಂದ ಮಕ್ಕಳು ಸಾಯುತ್ತಿದ್ದಾಗ, 1970ರ ದಶಕದಿಂದ ಅಲ್ಲಿ ಲಕ್ಷಾಂತರ ಕೈಪಂಪುಗಳನ್ನು ಹಾಕಲಾಯಿತು. ಉದ್ದೇಶ ಒಳ್ಳೆಯದೇ, ರೋಗಾಣು ಇಲ್ಲದ ನೀರೂ ಸಿಕ್ಕಿತು. ಆದರೆ ಆ ನೆಲದೊಳಗೆ ಆರ್ಸೆನಿಕ್ ಎಂಬ ವಿಷ ಇತ್ತು. ಅದು ಪತ್ತೆಯಾದದ್ದು 1993ರಲ್ಲಿ. ಆ ಹೊತ್ತಿಗೆ ಕೋಟ್ಯಂತರ ಜನ ಅದನ್ನೇ ಕುಡಿಯುತ್ತಿದ್ದರು.

ಅರಿಯದೆ ಮಾಡಿದ ತಪ್ಪಿಗೂ ಅರಿಯಲು ಪ್ರಯತ್ನಿಸದ ತಪ್ಪಿಗೂ ವ್ಯತ್ಯಾಸವಿದೆ ಎಂದು ಧರ್ಮಸಭೆ ಕಲಿಸುತ್ತದೆ. ಮೊದಲನೆಯದು ದುರಂತ. ಎರಡನೆಯದು ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾದದ್ದು. ಬಾಂಗ್ಲಾದೇಶದಲ್ಲಿ ಆಗ ಆರ್ಸೆನಿಕ್ ಇರಬಹುದೆಂದು ಯಾರೂ ಎಣಿಸಿರಲಿಲ್ಲ. ನಮ್ಮ ಕಥೆ ಹಾಗಲ್ಲ. ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕಳುಹಿಸಿದ್ದರೆ, ಒಂದು ಮಗುವಿನ ಹಲ್ಲು ನೋಡಿದ್ದರೆ ಗೊತ್ತಾಗುತ್ತಿತ್ತು. ಪ್ರೀತಿಗೆ ಕಣ್ಣೂ ಕಿವಿಯೂ ಇರಬೇಕು. ಇಲ್ಲದಿದ್ದರೆ ಅದು ನಮ್ಮ ಸಂತೋಷಕ್ಕಾಗಿ ನಾವು ಮಾಡಿಕೊಂಡ ಸೇವೆ.

ಇನ್ನೊಂದು ಆಕ್ಷೇಪಣೆಯನ್ನೂ ಕೇಳಿದ್ದೇನೆ: "ಪಟ್ಟಣದವರಿಗೆ ಆರ್‌ಓ ಯಂತ್ರ, ಬಡವರಿಗೆ ಮಾತ್ರ ಮರಳು, ಇದ್ದಿಲು, ಹಳೆ ಸೀರೆಯೇ?" ಈ ಕೋಪದಲ್ಲಿ ನ್ಯಾಯವಿದೆ. ಆದರೆ ಬೆಲೆ ಕಡಿಮೆ ಎಂದ ಮಾತ್ರಕ್ಕೆ ವಸ್ತು ಕೀಳಲ್ಲ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ಹೆಂಗಸರು ಹಳೆಯ ಹತ್ತಿ ಸೀರೆಯನ್ನು ನಾಲ್ಕು ಸಲ ಮಡಚಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದರು. ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಕಾಲರಾ ಕ್ರಿಮಿ ನೀರಿನ ಸಣ್ಣ ಹುಳುಗಳಿಗೆ ಅಂಟಿಕೊಂಡಿರುತ್ತದೆ. ಆ ಹುಳು ಬಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಗೆದು ಒಗೆದು ಸವೆದ ಸೀರೆ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಅದೇ ದೇಶದ ಕುಷ್ಟಿಯಾದವರಾದ ರಸಾಯನಶಾಸ್ತ್ರಜ್ಞ ಅಬುಲ್ ಹುಸ್ಸಾಂ, ಆರ್ಸೆನಿಕ್ ತೆಗೆಯಲು ಕಬ್ಬಿಣದ ಚೂರು, ಮರಳು, ಇದ್ದಿಲು, ಇಟ್ಟಿಗೆ ಚೂರುಗಳ ಬಕೆಟ್ ಫಿಲ್ಟರ್ ಮಾಡಿದರು. ಅದಕ್ಕೆ ಕರೆಂಟ್ ಬೇಡ. 2007ರಲ್ಲಿ ಬಂದ ಹತ್ತು ಲಕ್ಷ ಡಾಲರ್ ಬಹುಮಾನದ ಹೆಚ್ಚಿನ ಪಾಲನ್ನು ಬಡವರಿಗೆ ಫಿಲ್ಟರ್ ಹಂಚಲು ಮೀಸಲಿಟ್ಟರು. ಇವೆಲ್ಲ ಆಯಾ ನೀರಿನ ದೋಷವನ್ನು ಅರಿತು ಮಾಡಿದ ಉಪಾಯಗಳು. ಆರ್‌ಓ ಯಂತ್ರ ಫ್ಲೋರೈಡ್ ತೆಗೆಯುತ್ತದೆ, ನಿಜ. ಆದರೆ ಬಹಳಷ್ಟು ನೀರನ್ನು ಹೊರಗೆ ಚೆಲ್ಲುತ್ತದೆ. ಕರೆಂಟ್ ಇಲ್ಲದೆ, ಬಿಡಿಭಾಗ ಬದಲಿಸದೆ ಅದು ನಡೆಯದು. ನೀರೇ ಅಪರೂಪವಾದ ಊರಿಗೆ ಅದು ಎಲ್ಲ ಕಾಲಕ್ಕೂ ಉತ್ತರವಲ್ಲ. ಮಳೆನೀರಿನಲ್ಲಿ ಫ್ಲೋರೈಡ್ ಇರುವುದೇ ಇಲ್ಲವೆನ್ನಬಹುದು; ಚೊಕ್ಕಟ ಮಾಡಿದ ಛಾವಣಿಯಿಂದ ಹಿಡಿದು, ಸೋಸಿ, ಮುಚ್ಚಿಟ್ಟರೆ ನಮ್ಮ ಕಡೆಗೆ ಅದು ದೊಡ್ಡ ವರ.

ಆದರೂ ಅಗ್ಗದ ಉಪಾಯ ನ್ಯಾಯಕ್ಕೆ ಬದಲಿಯಾಗಬಾರದು. ಶುದ್ಧ ಕುಡಿಯುವ ನೀರು ಮಾನವ ಹಕ್ಕು ಎಂದು 2010ರಲ್ಲಿ ವಿಶ್ವಸಂಸ್ಥೆ ಸಾರಿತು. 2015ರ 'ಲೌದಾತೋ ಸೀ' ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸರು ಅದನ್ನೇ ಒತ್ತಿ ಹೇಳಿದರು. ನಮ್ಮ ಎರಡೂ ಜಿಲ್ಲೆಗಳಿಗೆ ಕಾವೇರಿ ನೀರು ತರುವ ಹೊಗೇನಕಲ್ ಯೋಜನೆ 2013ರಲ್ಲಿ ಆರಂಭವಾದದ್ದು ಫ್ಲೋರೈಡಿನ ಈ ಕಷ್ಟಕ್ಕಾಗಿಯೇ. ಆ ನಲ್ಲಿ ನೀರು ಸಾಕಷ್ಟು ಬರದ ಮನೆ ಇದ್ದರೆ ಪಂಚಾಯಿತಿಗೆ ಅರ್ಜಿ ಬರೆಯುವುದೂ ದಯಾಕಾರ್ಯವೇ. ಫಿಲ್ಟರ್ ಇಂದಿನ ಮಗುವಿಗೆ. ಹಕ್ಕು ನಾಳೆಯ ಮಗುವಿಗೆ. ಒಂದನ್ನು ಕೊಟ್ಟು ಇನ್ನೊಂದರ ಬಗ್ಗೆ ಸುಮ್ಮನಾದರೆ, ಅರ್ಧ ಕೆಲಸ ಮಾತ್ರ ಆದಂತೆ.

ಕೊನೆಯದಾಗಿ, ಕೊಟ್ಟ ದಿನಕ್ಕೆ ಕೊಡುವುದು ಮುಗಿಯುವುದಿಲ್ಲ. ಮತ್ಲಬ್‌ನಲ್ಲಿ ಐದು ವರ್ಷಗಳ ನಂತರ ವಿಚಾರಿಸಿದಾಗ ಇನ್ನೂ ನೀರು ಸೋಸುತ್ತಿದ್ದವರು ನೂರಕ್ಕೆ 31 ಮಂದಿ. ಮರಳಿನ ಫಿಲ್ಟರನ್ನೇ ನೋಡಿ: ಮರಳಿನ ಮೇಲ್ಭಾಗದಲ್ಲಿ ರೋಗಾಣುಗಳನ್ನು ತಿನ್ನುವ ಒಂದು ಜೀವಂತ ಪದರ ಬೆಳೆಯಲು ಎರಡು ಮೂರು ವಾರ ಬೇಕು. ದಿನವೂ ನೀರು ಹಾಕದೆ ಒಣಗಲು ಬಿಟ್ಟರೆ ಅದು ಸಾಯುತ್ತದೆ. ನಮ್ಮ ಸೇವೆಯೂ ಹಾಗೆಯೇ. ದಿನದಿನದ ಗಮನವಿಲ್ಲದೆ ಒಣಗುತ್ತದೆ.

ಈ ವರ್ಷ ಪ್ರತಿಯೊಂದು ಅನ್ಬಿಯಂ ಸಭೆಯಲ್ಲೂ ಈ ವಿಷಯ ಮಾತಾಡೋಣ. ಏನನ್ನೂ ಕೊಳ್ಳುವ ಮೊದಲು ನೀರನ್ನು ಪರೀಕ್ಷೆ ಮಾಡಿಸೋಣ. ನೀರು ಹೊರುವ ಹೆಂಗಸರನ್ನು ಮೊದಲು ಕೇಳೋಣ. ಆ ನೀರಿನ ವಿಷಯ ಅವರಿಗಿಂತ ಚೆನ್ನಾಗಿ ತಿಳಿದವರು ಇಲ್ಲ. ಕೊಟ್ಟ ಮೇಲೆ ಮರಳಿ ಹೋಗಿ ನೋಡುವವರು ಯಾರೆಂದೂ ಅಲ್ಲೇ ಗೊತ್ತುಮಾಡೋಣ.

ಯೆಹೂದ್ಯರು ಸಮಾರಿಯದವರ ಪಾತ್ರೆಯಲ್ಲಿ ಕುಡಿಯುತ್ತಿರಲಿಲ್ಲ. ಯೇಸುಸ್ವಾಮಿ ಆ ಪಾತ್ರೆಯಿಂದಲೇ ಕೇಳಿದರು. ನಾವೂ ಆ ಹಳ್ಳಿಗೆ ಹೋದಾಗ ಕಾರಿನಲ್ಲಿರುವ ಬಾಟಲಿಯನ್ನು ಅಲ್ಲೇ ಬಿಟ್ಟು, ಅವರ ಮನೆಯ ಒಂದು ಲೋಟ ನೀರು ಕೇಳಿ ಕುಡಿಯೋಣ. ಒಂದು ಲೋಟದಿಂದ ನಮಗೇನೂ ಆಗದು. ಜೀವಮಾನವೆಲ್ಲ ಅದನ್ನೇ ಕುಡಿಯುವವರ ನೆನಪು ಮಾತ್ರ ಉಳಿಯುತ್ತದೆ.